ನಿಮ್ಮ ಶಾಸಕರಿಗೆ ನಿಜವಾಗಿ ಏನು ಬೇಕು? ತಿಳಿಯುವುದು ಹೀಗೆ

ಭಾಷಣ ಕೇಳಿ ಇದು ಗೊತ್ತಾಗುವುದಿಲ್ಲ. ಕಾಗದಪತ್ರ ನೋಡಬೇಕು.

ಮೊದಲು ಅಫಿಡವಿಟ್ ಹುಡುಕಿ. ನಾಮಪತ್ರದ ಜೊತೆ ಪ್ರತಿ ಅಭ್ಯರ್ಥಿಯೂ ಆಸ್ತಿ, ಸಾಲ, ಕೇಸುಗಳ ವಿವರವಿರುವ ಈ ಅಫಿಡವಿಟ್ (ಫಾರಂ 26) ಕೊಡಲೇಬೇಕು, ಅದು ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಸಿಗುತ್ತದೆ. 2018ರ ಚುನಾವಣೆಯದ್ದು, 2023ರದ್ದು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಜಮೀನು ಎಷ್ಟಿತ್ತು, ಎಷ್ಟಾಯಿತು, ಮನೆಯವರ ಹೆಸರಿಗೆ ಏನು ಬಂತು, ಸಾಲ ಯಾರ ಹತ್ತಿರ, ಕೇಸು ಎಷ್ಟು ಅಂತ ಸಾಲು ಸಾಲಾಗಿ ಓದಿ. ಆಸ್ತಿ ಹೆಚ್ಚಿದ ಕೂಡಲೇ ಸುಮ್ನೆ ಕಳ್ಳ ಅನ್ನಬೇಡಿ, ಹಳೇ ಜಮೀನಿನ ಬೆಲೆಯೂ ಏರಿರುತ್ತದೆ ಅಲ್ವಾ. ಹೊಸದಾಗಿ ಕೊಂಡದ್ದೇನು, ಅದಕ್ಕೆ ದುಡ್ಡು ಎಲ್ಲಿಂದ ಬಂತು ಅನ್ನುವುದೇ ಮುಖ್ಯ.

ಆಮೇಲೆ ಕುರ್ಚಿಯ ಲೆಕ್ಕ. ಸಂವಿಧಾನದ 2003ರ 91ನೇ ತಿದ್ದುಪಡಿಯಂತೆ ಮಂತ್ರಿಗಳ ಸಂಖ್ಯೆ ವಿಧಾನಸಭೆಯ ಶೇ 15 ಮೀರುವಂತಿಲ್ಲ. ನಮ್ಮ ಕರ್ನಾಟಕದಲ್ಲಿ 224 ಸ್ಥಾನ, ಲೆಕ್ಕಕ್ಕೆ 33.6 ಬಂದರೂ ರೂಢಿಯಲ್ಲಿ ಮುಖ್ಯಮಂತ್ರಿ ಸೇರಿ 34 ಜನ. ಆಳುವ ಪಕ್ಷದಲ್ಲಿ ನೂರಕ್ಕೂ ಜಾಸ್ತಿ ಶಾಸಕರಿದ್ದರೆ ಉಳಿದವರಿಗೆ ನಿಗಮ, ಮಂಡಳಿಗಳ ಅಧ್ಯಕ್ಷ ಸ್ಥಾನ. ‘ಶಾಸಕರಿಗೆ ಅಸಮಾಧಾನ’ ಅಂತ ಸುದ್ದಿ ಬಂದಾಗ ಅದು ಊರಿನ ನೀರಿಗಾಗಿಯೋ ಮಂತ್ರಿ ಖಾತೆಗಾಗಿಯೋ ಅಂತ ನೇರವಾಗಿ ಕೇಳಿ.

ಪಕ್ಷ ಬಿಟ್ಟವರಾದರೆ ದಿನಾಂಕಗಳನ್ನು ಬರೆದಿಟ್ಟುಕೊಳ್ಳಿ. ಉದಾಹರಣೆಗೆ, 2019ರ ಜುಲೈನಲ್ಲಿ 17 ಶಾಸಕರು ಅನರ್ಹರಾದರು, ಡಿಸೆಂಬರಿನಲ್ಲಿ ಉಪಚುನಾವಣೆ, ಗೆದ್ದವರಲ್ಲಿ 10 ಮಂದಿ 2020ರ ಫೆಬ್ರವರಿಯಲ್ಲಿ ಮಂತ್ರಿಗಳು.

ಸದನದಲ್ಲಿ ಅವರು ಕೇಳಿದ ಪ್ರಶ್ನೆಗಳನ್ನೂ ನೋಡಿ. ಶಾಲೆ, ಆಸ್ಪತ್ರೆ ಬಗ್ಗೆ ವರ್ಷಗಟ್ಟಲೆ ಬಿಡದೆ ಕೇಳುವವರೂ ಇದ್ದಾರೆ, ಅಂಥವರು ಸಿಕ್ಕರೆ ಪಕ್ಕದ ಮನೆಯವರಿಗೂ ಹೇಳಿ.