ಬೆಟಗೇರಿಯ ನೀರು, ಬಣ್ಣ ಮತ್ತು ನನ್ನ ಕೆಮಿಕಲ್ ಕಸುಬು

ಕೈಮಗ್ಗದ ಸೀರೆ ನೆನೆಹಾಕಿದಾಗ ಸೆರಗಿನ ಕೆಂಪು ಮೈಗೆ ಇಳಿಯಬಾರದು. ನನ್ನ ಕಸುಬೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ಗದಗ-ಬೆಟಗೇರಿಯಲ್ಲಿ ನೂಲಿಗೆ ಬಣ್ಣ ಹಾಕುವವರಿಗೆ ಬೇಕಾದ ಕೆಮಿಕಲ್ ಮಾಡಿ ಮಾರುತ್ತೇನೆ. ಬಣ್ಣ ಮಾರುವುದಿಲ್ಲ. ಬಣ್ಣ ಗುಜರಾತಿನ ಕಡೆಯಿಂದ ಬರುತ್ತದೆ, ಹುಬ್ಬಳ್ಳಿ ಅಂಗಡಿಗಳಲ್ಲಿ ಸಿಗುತ್ತದೆ. ಬಣ್ಣಕ್ಕೆ ಮುಂಚೆ ನೀರನ್ನು ಸರಿಮಾಡುವ ಪುಡಿ, ಬಣ್ಣ ಆದಮೇಲೆ ನೂಲು ತೊಳೆಯುವ ದ್ರವ, ಇವೆರಡು ನನ್ನ ಮುಖ್ಯ ಸಾಮಾನು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಸಿ ಅಹಮದಾಬಾದಿಗೆ ಹೋದೆ. ಅಲ್ಲಿ ಟೆಕ್ಸ್‌ಟೈಲ್ ಕೆಮಿಕಲ್ ಮಾಡುವ ಒಂದು ಕಂಪನಿಯ ಲ್ಯಾಬಿನಲ್ಲಿ ಕೆಲಸ. ಕಲಿತದ್ದೆಲ್ಲ ದೊಡ್ಡ ಮಿಲ್ಲುಗಳ ಲೆಕ್ಕ. ಮೆದು ನೀರು (ಸುಣ್ಣದಂಶ ತೆಗೆದ ನೀರು), ಉಗಿ, ಯಂತ್ರ, ಎಲ್ಲವೂ ಇದೆ ಅಂದುಕೊಂಡೇ ಅಲ್ಲಿ ರೆಸಿಪಿ ಬರೆಯುತ್ತಾರೆ. ಊರಿಗೆ ಬಂದು ಬೆಟಗೇರಿಯ ಬಣ್ಣದ ಮನೆಗಳಲ್ಲಿ ನಿಂತು ನೋಡಿದರೆ ಅಲ್ಲಿರುವುದು ಕಟ್ಟಿಗೆ ಒಲೆ, ತೊಟ್ಟಿ, ಕೋಲಿಗೆ ಹಾಕಿ ಕೈಯಿಂದ ತಿರುವುವ ನೂಲಿನ ಲಡಿ, ಮತ್ತೆ ಬೋರ್‌ವೆಲ್ ನೀರು. ಬಣ್ಣದ ಡಬ್ಬಿ ಮಾತ್ರ ಮಿಲ್ಲಿನದೇ. ಈ ಎರಡರ ನಡುವಿನ ಅಂತರದಲ್ಲೇ ನನಗೆ ಕೆಲಸ ಇದೆ ಅಂತ ಆಗಲೇ ಅನ್ನಿಸಿತು.

ಮೊದಲು ಬಣ್ಣದ ಮಾತು. ಹತ್ತಿಗೆ ಈಗ ಜಾಸ್ತಿ ಬಳಸುವುದು ರಿಯಾಕ್ಟಿವ್ ಬಣ್ಣ. 1954ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ರ‍್ಯಾಟಿ ಮತ್ತು ಸ್ಟೀಫನ್ ಅನ್ನುವ ಇಬ್ಬರು ಕಂಡುಹಿಡಿದದ್ದು ಇದು, 1956ರಲ್ಲಿ ಪ್ರೋಸಿಯಾನ್ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೂ ಮುಂಚಿನ ಎಷ್ಟೋ ಬಣ್ಣಗಳು ಎಳೆಗೆ ಅಂಟಿಕೊಂಡಿರುತ್ತಿದ್ದವು, ಇಲ್ಲಾ ಎಳೆಯೊಳಗೆ ಸಿಕ್ಕಿಕೊಂಡಿರುತ್ತಿದ್ದವು. ಇದು ಹಾಗಲ್ಲ. ಒಗೆಯುವ ಸೋಡಾ ಬಿದ್ದ ಕೂಡಲೇ ಹತ್ತಿಯ ಅಣುವಿನ ಜೊತೆ ರಾಸಾಯನಿಕ ಬಂಧ ಮಾಡಿಕೊಳ್ಳುತ್ತದೆ. ಆಮೇಲೆ ಅದು ನೂಲಿನದೇ ಭಾಗ. ಹಾಗಾದರೆ ಬಣ್ಣ ಯಾಕೆ ಬಿಡುತ್ತದೆ? ತೊಟ್ಟಿಯಲ್ಲಿ ಹತ್ತಿ ಒಂದೇ ಇಲ್ಲವಲ್ಲ, ನೀರೂ ಇದೆ. ಬಣ್ಣದ ಒಂದು ಪಾಲು ನೀರಿನ ಜೊತೆಗೇ ಸೇರಿ ಕೆಟ್ಟುಹೋಗುತ್ತದೆ. ಸಾಮಾನ್ಯವಾಗಿ ಕಾಲು ಭಾಗ, ಕೆಲವೊಮ್ಮೆ ಇನ್ನೂ ಜಾಸ್ತಿ. ಕೆಟ್ಟ ಬಣ್ಣವೂ ನೂಲಿನ ಮೇಲೆ ಕೂತಿರುತ್ತದೆ, ನೋಡುವುದಕ್ಕೆ ಒಳ್ಳೆ ಬಣ್ಣದ ಹಾಗೇ ಕಾಣುತ್ತದೆ, ಆದರೆ ಬಂಧ ಇಲ್ಲ. ಅದನ್ನು ಬಣ್ಣದ ಮನೆಯಲ್ಲೇ ತೊಳೆದು ತೆಗೆಯದಿದ್ದರೆ ಸೀರೆ ಕೊಂಡವರ ಬಕೆಟ್ಟಿನಲ್ಲಿ ಇಳಿಯುತ್ತದೆ.

ಬೆಟಗೇರಿಯ ಹಿರಿಯ ಬಣ್ಣಗಾರರೊಬ್ಬರು ನನಗೆ ಮೊದಲೇ ಹೇಳಿದ್ದರು. "ಬಣ್ಣದಾಗ ಏನೂ ಇಲ್ಲೋ ತಮ್ಮಾ. ಮಳಿ ನೀರು ಹಿಡದಿಟ್ಟು ಹಾಕಿದ್ರ ಹೆಂಗ ಎದ್ದು ಬರತೈತಿ ನೋಡು."

"ಬೋರಿನ ನೀರಾಗ ಹಾಕಿದ್ರ ಏನಾಗತೈತ್ರಿ ಕಾಕಾ?"

"ಮಂಕ ಆಗತೈತಿ. ನೂಲು ಬಿರಸ ಆಗತೈತಿ. ಮಗ್ಗದ ಮ್ಯಾಲ ಎಳಿ ಹರೀತಾವು."

ಅವರು ಹೇಳಿದ್ದು ಅಕ್ಷರಶಃ ನಿಜ. ಅವರ ಅಂಗಳದಲ್ಲೇ ಬ್ಯುರೆಟ್ (ಅಳತೆ ಗೆರೆಯ ಗಾಜಿನ ಕೊಳವೆ) ನಿಲ್ಲಿಸಿ ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿದ ಸುಣ್ಣ, ಮೆಗ್ನೀಸಿಯಂ ಎಷ್ಟು ಅಂತ ಅಳೆದೆವು. ಐವತ್ತು ಮಿಲಿ ನೀರು, ಸ್ವಲ್ಪ ಅಮೋನಿಯಾ ಬಫರ್, ಬಣ್ಣ ಬದಲಿಸಿ ಗುರುತು ತೋರಿಸುವ ಎರಿಯೋಕ್ರೋಮ್ ಬ್ಲ್ಯಾಕ್ ಚಿಟಿಕೆ. ನೀರು ದ್ರಾಕ್ಷಿ ರಸದ ಬಣ್ಣಕ್ಕೆ ತಿರುಗಿತು. ಮೇಲಿಂದ ಲೋಹವನ್ನು ಹಿಡಿದುಕೊಳ್ಳುವ ಇಡಿಟಿಎ ದ್ರಾವಣವನ್ನು ಹನಿಹನಿಯಾಗಿ ಬಿಟ್ಟರೆ, ನೀರಿನಲ್ಲಿರುವ ಸುಣ್ಣ ಮತ್ತು ಮೆಗ್ನೀಸಿಯಂ ಎಲ್ಲ ಮುಗಿದ ಕ್ಷಣಕ್ಕೆ ಅದು ನೀಲಿಯಾಗಬೇಕು. ಈ ಅಳತೆಯಲ್ಲಿ ಒಂದು ಮಿಲಿಗೆ 20 ಪಿಪಿಎಂ (ಲೀಟರಿಗೆ 20 ಮಿಲಿಗ್ರಾಂ) ಲೆಕ್ಕ. ಮೂವತ್ತು ಮಿಲಿ ದಾಟಿದರೂ ನೀಲಿ ಬರಲಿಲ್ಲ. ಅಂದರೆ 600ಕ್ಕೂ ಮೇಲೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ (ಬಿಐಎಸ್) ಹಾಕಿರುವ ಮಿತಿ 200, ಬೇರೆ ನೀರು ಸಿಗದಿದ್ದರೆ 600. ಬಣ್ಣಕ್ಕೆ 50ರ ಒಳಗಿದ್ದರೆ ಚೆನ್ನ. ಇಂಥ ನೀರಿಗೆ ಸೋಡಾ ಹಾಕಿದರೆ ಸುಣ್ಣದಂಶ ಸೀಮೆಸುಣ್ಣದ ಪುಡಿಯಾಗಿ ನೂಲಿನ ಮೇಲೆ ಕೂರುತ್ತದೆ. ಮಂಕು, ಬಿರುಸು, ಎಳೆ ಹರಿಯುವುದು, ಎಲ್ಲ ಅಲ್ಲಿಂದಲೇ.

ಮೆದು ನೀರಿನ ಯಂತ್ರ ಹಾಕಿಸಿದರೆ ಮುಗಿಯಿತಲ್ಲ ಅಂತ ಕೇಳಬಹುದು. ದುಡ್ಡು ಇರುವವರು ಹಾಕಿಸಲೇಬೇಕು. ಆದರೆ ಅದರಲ್ಲೂ ಒಂದು ವಿಷಯ ಇದೆ, ಇದನ್ನು ಯಾರೂ ಹೇಳುವುದಿಲ್ಲ. ರಿಯಾಕ್ಟಿವ್ ಬಣ್ಣ ನೂಲಿಗೆ ಹತ್ತಬೇಕಾದರೆ ಉಪ್ಪು ಬೇಕು, ಲೀಟರಿಗೆ 50 ಗ್ರಾಂ ಹತ್ತಿರ. ಐದು ಕೆಜಿ ನೂಲಿನ ಕಟ್ಟಿಗೆ ನೂರು ಲೀಟರ್ ನೀರು ಹಿಡಿದರೆ ಉಪ್ಪೂ ಐದು ಕೆಜಿ, ಅಂದರೆ ನೂಲಿನಷ್ಟೇ ತೂಕದ ಉಪ್ಪು. ಅಗ್ಗಕ್ಕೆ ಸಿಗುವ ಹರಳುಪ್ಪಿನಲ್ಲಿ ಸುಣ್ಣ, ಮೆಗ್ನೀಸಿಯಂ ಎರಡೂ ಇರುತ್ತವೆ. ಅಷ್ಟು ಕಷ್ಟಪಟ್ಟು ಮೆದು ಮಾಡಿದ ನೀರಿಗೆ ಉಪ್ಪಿನ ಚೀಲದಿಂದಲೇ ಗಡಸುತನ ವಾಪಸ್ ಬಂತು. ಅದಕ್ಕೇ ನನ್ನ ಹತ್ತಿರ ಬರುವವರಿಗೆ ನೀರಿನ ಜೊತೆ ಉಪ್ಪನ್ನೂ ಒಂದು ಮುಷ್ಟಿ ತನ್ನಿ ಅನ್ನುತ್ತೇನೆ.

ಗಡಸುತನ ಹಿಡಿದಿಡುವ ಕೆಮಿಕಲ್‌ಗಳು ಹೊಸದೇನಲ್ಲ. ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಅಗ್ಗ, ಆದರೆ ಕುದಿಯುವ ನೀರಿನಲ್ಲಿ ಒಡೆದು ಶಕ್ತಿ ಕಳೆದುಕೊಳ್ಳುತ್ತದೆ. ಇಡಿಟಿಎ ಗಟ್ಟಿ, ಆದರೆ ಅದಕ್ಕೆ ಲೋಹ ಯಾವುದಾದರೂ ಸರಿ. ಕೆಲವು ನೀಲಿ, ನೇರಳೆ ಬಣ್ಣಗಳ ಅಣುವಿನೊಳಗೇ ತಾಮ್ರ ಇರುತ್ತದೆ, ಇಡಿಟಿಎ ಅದನ್ನೂ ಕಿತ್ತುಕೊಳ್ಳುತ್ತದೆ, ಬಣ್ಣದ ಛಾಯೆಯೇ ಬದಲಾಗುತ್ತದೆ. ಅಕ್ರಿಲಿಕ್ ಪಾಲಿಮರ್‌ಗಳು ಸುಣ್ಣವನ್ನು ಹಿಡಿಯುತ್ತವೆ, ತಾಮ್ರದ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ, ಬಿಸಿಯನ್ನೂ ತಡೆಯುತ್ತವೆ. ಪಾಲಿಮರ್ ತಯಾರಿಸುವ ರಿಯಾಕ್ಟರ್ ನನ್ನ ಹತ್ತಿರ ಇಲ್ಲ. ಪಾಲಿಮರ್ ಕೊಂಡು ತಂದು, ನಮ್ಮ ನೀರಿಗೆ ಯಾವುದು ಎಷ್ಟು ಬೇಕು ಅಂತ ಹೊಂದಿಸಿ, ಬಣ್ಣವನ್ನು ನೀರಲ್ಲಿ ತೇಲಿಸಿಡುವ ಇನ್ನೊಂದು ವಸ್ತು ಸೇರಿಸಿ ತೊಳೆಯುವ ದ್ರವ ಮಾಡಿದೆ. ಹೊಂದಿಸುವುದಕ್ಕೇ ತುಂಬ ಸಮಯ ಹಿಡಿಯಿತು. ಬೇಸಿಗೆಯ ನೀರು ಬೇರೆ, ಮಳೆಗಾಲ ಮುಗಿದ ಮೇಲಿನ ನೀರು ಬೇರೆ.

ಆದರೂ ನನ್ನ ಪ್ರಕಾರ ದ್ರವಕ್ಕಿಂತ ತೊಳೆಯುವ ಕ್ರಮವೇ ದೊಡ್ಡದು. ಸಾಮಾನ್ಯವಾಗಿ ಬಣ್ಣ ಮುಗಿದ ಕೂಡಲೇ ನೂಲು ಹಿಂಡಿ ನೇರ ಬಿಸಿ ಸೋಪಿನ ನೀರಿಗೆ ಹಾಕುತ್ತಿದ್ದರು. ನೂಲಿನಲ್ಲಿ ಉಪ್ಪು ತುಂಬಿರುವಾಗ ಕೆಟ್ಟ ಬಣ್ಣ ನೂಲು ಬಿಟ್ಟು ಬರುವುದೇ ಇಲ್ಲ, ಯಾಕೆಂದರೆ ಬಣ್ಣವನ್ನು ನೂಲಿಗೆ ತಳ್ಳಿದ್ದೇ ಆ ಉಪ್ಪು. ಅದರ ಮೇಲೆ ಸೋಪು ಸುಣ್ಣದ ನೀರಲ್ಲಿ ಒಡೆದು ಜಿಡ್ಡಾಗುತ್ತದೆ. ಮೊದಲು ತಣ್ಣೀರಿನಲ್ಲಿ ಜಾಲಿಸಿ ಉಪ್ಪು ತೆಗೆಯಬೇಕು. ನೀರು ನಾಲಿಗೆಗೆ ಹಚ್ಚಿ ನೋಡುವ ಅಭ್ಯಾಸ ಕೆಲವರಿಗೆ ಇತ್ತು, ಅದು ಬೇಡ ಅಂತ ನೀರಲ್ಲಿ ಕರಗಿದ ಉಪ್ಪು ಅಳೆಯುವ ಟಿಡಿಎಸ್ ಮೀಟರ್ ಕೊಡಿಸಿದೆ, ಈಗ ಅದು ಕಡಿಮೆ ಬೆಲೆಗೆ ಸಿಗುತ್ತದೆ. ಆಮೇಲೆ ಸ್ವಲ್ಪ ಅಸೆಟಿಕ್ ಆಮ್ಲ ಹಾಕಿ ಸೋಡಾ ಮುರಿಯಬೇಕು. ಸೋಡಾ ಉಳಿದ ನೂಲನ್ನು ಹಾಗೇ ಕಟ್ಟಿಟ್ಟರೆ ಕೆಲವು ಬಣ್ಣಗಳ ಬಂಧ ನಿಧಾನಕ್ಕೆ ಬಿಟ್ಟುಕೊಳ್ಳುತ್ತದೆ, ಕೊಡುವಾಗ ಚೆನ್ನಾಗಿದ್ದ ನೂಲು ನೇಯುವ ಹೊತ್ತಿಗೆ ಬಣ್ಣ ಬಿಡುತ್ತದೆ. ಇಷ್ಟಾದ ಮೇಲೆ ಕುದಿಯುವ ನೀರಿನಲ್ಲಿ ನನ್ನ ದ್ರವ ಹಾಕಿ ಹತ್ತು ಹದಿನೈದು ನಿಮಿಷ. ಕುದಿಯಲೇಬೇಕು, ಕೈ ಅದ್ದುವಷ್ಟು ಬಿಸಿ ಸಾಲದು.

ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಒಂದೇ ತೊಟ್ಟಿಯ ನೂಲನ್ನು ಎರಡು ಪಾಲು ಮಾಡಿ, ಒಂದನ್ನು ಅವರ ರೀತಿ, ಒಂದನ್ನು ಈ ರೀತಿ ತೊಳೆಸುತ್ತಿದ್ದೆ. ಒದ್ದೆ ಲಡಿಯನ್ನು ಬಿಳಿ ಬಟ್ಟೆಯ ನಡುವೆ ಇಟ್ಟು ಬಿಸಿ ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಸಾಕು. ಬಂಧವಿಲ್ಲದ ಬಣ್ಣ ಉಗಿಯ ಜೊತೆ ಎದ್ದು ಬಿಳಿ ಬಟ್ಟೆಗೆ ಹತ್ತುತ್ತದೆ. ಒಂದು ಬಟ್ಟೆಯ ಮೇಲೆ ಕೆಂಪು ಗೆರೆಗಳು, ಇನ್ನೊಂದು ಬರೀ ಒದ್ದೆ. ಒಬ್ಬ ನೇಕಾರ ಹೆಣ್ಣುಮಗಳು ಆ ಎರಡು ಬಟ್ಟೆ ತುಂಡುಗಳನ್ನು ಮನೆಗೆ ಒಯ್ದು ತಮ್ಮ ಬಣ್ಣಗಾರರಿಗೆ ತೋರಿಸಿದರು. ಅವರಿಂದಲೇ ಎಷ್ಟೋ ಮನೆಗಳು ನನಗೆ ಗಿರಾಕಿ ಆದವು.

ಇದೇ ಸಮಸ್ಯೆಗೆ ಡೈ ಫಿಕ್ಸರ್ ಮಾರುವವರು ಬಹಳ ಜನ. ಅದು ಕೆಟ್ಟ ಬಣ್ಣವನ್ನೇ ನೂಲಿಗೆ ಅಂಟಿಸಿಡುತ್ತದೆ. ಮೊದಲ ಒಗೆತದಲ್ಲಿ ಏನೂ ಕಾಣುವುದಿಲ್ಲ, ನಾಲ್ಕಾರು ಒಗೆತ ಆದಮೇಲೆ ಬಿಡುತ್ತದೆ. ಸರಿಯಾಗಿ ತೊಳೆದ ನೂಲಿಗೆ ಕಡು ಬಣ್ಣದಲ್ಲಿ ಸ್ವಲ್ಪ ಹಾಕಿದರೆ ತಪ್ಪಿಲ್ಲ. ತೊಳೆಯುವುದಕ್ಕೆ ಬದಲಾಗಿ ಅದನ್ನು ಮಾರುವುದು ಮೋಸ ಅಂತಲೇ ನನ್ನ ಅಭಿಪ್ರಾಯ, ಹಾಗಾಗಿ ನಾನು ಅದನ್ನು ಇಟ್ಟಿಲ್ಲ.

ಕೆಂಪಿಗೆ ಮೊದಲೆಲ್ಲ ನ್ಯಾಫ್ತಾಲ್ ಬಳಸುತ್ತಿದ್ದರು, ನ್ಯಾಫ್ತಾಲ್ ಮತ್ತು ಬೇಸ್ ಅನ್ನುವ ಎರಡು ವಸ್ತು ನೂಲಿನ ಮೇಲೇ ಸೇರಿ ಆಗುವ ಬಣ್ಣ ಅದು. ಬೇಸನ್ನು ಐಸ್ ಹಾಕಿ ಆಮ್ಲ, ನೈಟ್ರೈಟ್ ಜೊತೆ ಕಲಸಿ ಬರಿಗೈಯಲ್ಲಿ ಲಡಿ ಅದ್ದುವ ಕೆಲಸ. ಮೊಣಕೈವರೆಗೂ ಕೆಂಪು. ಆ ಬೇಸುಗಳಲ್ಲಿ ಕೆಲವು ಕ್ಯಾನ್ಸರ್ ತರುವ ಅಮೈನ್ ಅನ್ನುವ ರಾಸಾಯನಿಕಗಳು. 1994ರಲ್ಲಿ ಜರ್ಮನಿ ಇಂಥ ಬಣ್ಣಗಳನ್ನು ನಿಷೇಧಿಸಿತು, 1997ರಲ್ಲಿ ನಮ್ಮ ಸರ್ಕಾರವೂ ಇದೇ ಜಾತಿಯ 70 ಅಜೋ ಬಣ್ಣಗಳನ್ನು ನಿಷೇಧಿಸಿತು. ಕೈಗವಸು ಹಾಕಿಕೊಳ್ಳಿ ಅಂತ ನಾನು ಇವತ್ತಿಗೂ ಎಲ್ಲರ ಹಿಂದೆ ಬೀಳುತ್ತೇನೆ. ಬಣ್ಣದ ಮನೆಯವರ ಕೈ ನೋಡಿದವರಿಗೆ ಯಾಕೆ ಅಂತ ಗೊತ್ತಾಗುತ್ತದೆ.

ವ್ಯಾಪಾರದ ಮಾತು ಸ್ವಲ್ಪ. ಐವತ್ತು ಕೆಜಿ ಕ್ಯಾನಿನಲ್ಲಿ ಕೊಟ್ಟರೆ ಸಣ್ಣ ಬಣ್ಣದ ಮನೆಯವರು ಕೊಳ್ಳುವುದಿಲ್ಲ, ಕೊಂಡರೂ ಅಂದಾಜಿನ ಮೇಲೆ ಸುರಿಯುತ್ತಾರೆ. ಹಾಗಾಗಿ ಒಂದು ಕಟ್ಟು ನೂಲಿಗೆ ಒಂದು ಪಾಕೀಟು ಅಂತ ಮಾಡಿದೆ. ನೀರಿನ ಪುಡಿ ಒಂದು, ತೊಳೆಯುವ ದ್ರವ ಒಂದು, ಮೇಲೆ ದೊಡ್ಡ ಅಕ್ಷರದ ಕನ್ನಡದಲ್ಲಿ ಕ್ರಮ. ಪಾಕೀಟಿನ ಖರ್ಚು ಕೈಕಚ್ಚುತ್ತದೆ, ಲಾಭ ಕಡಿಮೆ, ಆದರೆ ಮಾಲು ಕೆಟ್ಟಿತು ಅನ್ನುವ ದೂರು ನಿಂತುಹೋಯಿತು. ಉದ್ರಿ ತಪ್ಪಿದ್ದಲ್ಲ. ನೇಕಾರರಿಗೆ ಸೀರೆ ಮಾರಿದ ದುಡ್ಡು ಬರದೆ ಬಣ್ಣಗಾರರಿಗೆ ಬರುವುದಿಲ್ಲ, ಅವರಿಗೆ ಬರದೆ ನನಗೆ ಬರುವುದಿಲ್ಲ. ಇದನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಬಂಡವಾಳ ಹೊಂದಿಸಬೇಕು. ಸುಮ್ನೆ ದೊಡ್ಡ ಶೆಡ್ ಕಟ್ಟುವುದಕ್ಕೆ ಸಾಲ ಮಾಡಬೇಡಿ. ಮೊದಲು ಬ್ಯುರೆಟ್, ಪಿಎಚ್ ಮೀಟರ್, ಒಳ್ಳೆ ತೂಕದ ಯಂತ್ರ ಕೊಳ್ಳಿ.

ಇನ್ನು ನನ್ನನ್ನು ಕಾಡುವುದು ಆ ಉಪ್ಪು. ಬಣ್ಣವನ್ನಾದರೂ ನೀರಿನಿಂದ ಬೇರ್ಪಡಿಸಬಹುದು, ಕರಗಿದ ಉಪ್ಪನ್ನು ತೆಗೆಯುವುದು ಸಣ್ಣವರ ಕೈಲಾಗುವ ಮಾತಲ್ಲ. ತಿರುಪ್ಪೂರಿನಲ್ಲಿ ನೊಯ್ಯಲ್ ನದಿ ಕೆಟ್ಟು, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚಿಸಿತು. ಅಲ್ಲಿಗೆ ಹೋಲಿಸಿದರೆ ನಮ್ಮದು ಬಹಳ ಸಣ್ಣದು, ಆದರೆ ಚರಂಡಿಗೆ ಬಿಟ್ಟ ಉಪ್ಪು ಇದೇ ನೆಲಕ್ಕೆ ಇಳಿಯುತ್ತದೆ, ಇದೇ ಬೋರುಗಳಿಗೆ ಸೇರುತ್ತದೆ ಅಲ್ವಾ. ಅದಕ್ಕೇ ಈಗ ಉಪ್ಪಿಲ್ಲದ ದಾರಿ ಹಿಡಿದಿದ್ದೇನೆ. ಬಣ್ಣಕ್ಕೆ ಮುಂಚೆ ನೂಲಿಗೆ ಸಿಎಚ್‌ಪಿಟಿಎಸಿ ಅನ್ನುವ ವಸ್ತುವನ್ನು ಕಾಸ್ಟಿಕ್ ಸೋಡಾ ಜೊತೆ ಹಾಕಿದರೆ ಹತ್ತಿಗೆ ಧನ ವಿದ್ಯುದಂಶ ಬರುತ್ತದೆ. ಋಣ ಅಂಶದ ಬಣ್ಣ ಉಪ್ಪಿನ ಹಂಗಿಲ್ಲದೆ ತಾನಾಗೇ ಬಂದು ಹತ್ತುತ್ತದೆ, ತೊಟ್ಟಿಯಲ್ಲಿ ಉಳಿಯುವ ನೀರು ಹೆಚ್ಚುಕಡಿಮೆ ತಿಳಿಯಾಗಿರುತ್ತದೆ. ಕಾಸ್ಟಿಕ್ ಬಿದ್ದಾಗ ಅದರಿಂದ ಹುಟ್ಟುವ ಎಪಾಕ್ಸೈಡ್ ಅನ್ನುವ ವಸ್ತು ಮೈಗೆ ಒಳ್ಳೆಯದಲ್ಲ, ಹಾಗಾಗಿ ಇದನ್ನು ಪಾಕೀಟು ಮಾಡಿ ಮನೆಮನೆಗೆ ಕೊಡುವುದಿಲ್ಲ. ನೂಲನ್ನು ನನ್ನ ಶೆಡ್ಡಿನಲ್ಲೇ ಮುಚ್ಚಿದ ಪಾತ್ರೆಯಲ್ಲಿ ಹದ ಮಾಡಿ, ತೊಳೆದು, ಬರೀ ನೂಲನ್ನು ಕೊಡುವ ಯೋಚನೆ. ಕಪ್ಪು, ನೇವಿ, ಕಡು ಕೆಂಪು ಚೆನ್ನಾಗಿ ಬರುತ್ತಿವೆ. ತಿಳಿ ಹಳದಿ, ತಿಳಿ ಗುಲಾಬಿಯಲ್ಲಿ ಬಣ್ಣ ಬೇಗ ಓಡಿ ಅಂಟಿಕೊಂಡು ಲಡಿಯ ಮೇಲೆ ಇನ್ನೂ ಪಟ್ಟೆ ಏಳುತ್ತಿದೆ. ಸದ್ಯ ಬಣ್ಣವನ್ನು ಒಮ್ಮೆಗೇ ಸುರಿಯದೆ ತಣ್ಣಗಿನ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟು ನೋಡುತ್ತಿದ್ದೇನೆ.