ಗುಲ್ಮಾರ್ಗೋ, ಔಲಿಯೋ: ದಾವಣಗೆರೆಯಿಂದ ಹೊರಟು ಸ್ಕೀ ಕಲಿಯುವವರ ಲೆಕ್ಕ

ಮೊದಲ ಸಲ ಸ್ಕೀ ಕಲಿಯಲು ಹೊರಡುವವರು ಸಾಮಾನ್ಯವಾಗಿ ಬೆಟ್ಟದ ಎತ್ತರ, ಗೊಂಡೊಲಾ (ಕೇಬಲ್ ಕಾರು), ಹೋಟೆಲಿನ ಕಿಟಕಿಯ ನೋಟ ಇವನ್ನು ಹೋಲಿಸುತ್ತಾರೆ. ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ ಎರಡರಲ್ಲಿ ನಾನು ಹೋಲಿಸಿದ್ದು ಒಂದನ್ನೇ: ಒಂಬತ್ತು ದಿನದ ರಜೆಯಲ್ಲಿ ಎಷ್ಟು ದಿನ ಕಾಲು ಹಿಮದ ಮೇಲಿರುತ್ತದೆ? ಸ್ಕೀ ಹಿಡಿತಕ್ಕೆ ಬರುವುದು ಮೂರನೇ ದಿನದ ನಂತರ. ಅಷ್ಟರಲ್ಲಿ ರಜೆ ಮುಗಿದರೆ ಖರ್ಚೆಲ್ಲ ಬೀಳುವುದಕ್ಕೇ ಹೋಯಿತು.

ಶುಕ್ರವಾರ ರಾತ್ರಿ ದಾವಣಗೆರೆ ಬಿಟ್ಟರೆ ಬೆಂಗಳೂರು ಸುಮಾರು 260 ಕಿ.ಮೀ. ಸ್ವಂತ ಕಾರಾದರೆ ನಗರದೊಳಗೆ ಹೋಗದೆ ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಬಹುದು. ಗುಲ್ಮಾರ್ಗ್‌ಗಾದರೆ ದೆಹಲಿ ದಾಟಿ ಶನಿವಾರ ಸಂಜೆಗೆ ಶ್ರೀನಗರ. ಅಲ್ಲಿ ರಾತ್ರಿ ತಂಗಿ, ಭಾನುವಾರ ಬೆಳಿಗ್ಗೆ ಐವತ್ತು ಕಿ.ಮೀ. ಚಿಲ್ಲರೆ ದಾರಿ. ಮಧ್ಯಾಹ್ನಕ್ಕೆ ಬೂಟು ಹಾಕಬಹುದು. ಭಾನುವಾರ ಅರ್ಧ ದಿನ, ಸೋಮವಾರದಿಂದ ಶುಕ್ರವಾರ ಐದು ದಿನ. ಶನಿವಾರ ಇಳಿದು ಶ್ರೀನಗರದಲ್ಲಿ ಉಳಿಯಬೇಕು. ಆ ದಿನವನ್ನು ಬಿಡುವು ಎಂದು ಕಳೆಯಬೇಡಿ: ಹಿಮ ಬಿದ್ದು ರಸ್ತೆ ಮುಚ್ಚಿದರೆ ಭಾನುವಾರದ ವಿಮಾನ ಉಳಿಸುವುದು ಅದೇ.

ಔಲಿಗೆ ಡೆಹ್ರಾಡೂನ್‌ನಲ್ಲಿ ಇಳಿಯಬೇಕು. ಅಲ್ಲಿಂದ ಜೋಶಿಮಠಕ್ಕೆ 270 ಕಿ.ಮೀ. ಆಸುಪಾಸು, ಪೂರ್ತಿ ಘಾಟಿ ರಸ್ತೆ, ಒಂಬತ್ತು-ಹತ್ತು ತಾಸು. ಘಾಟಿಯಲ್ಲಿ ರಾತ್ರಿ ಓಡಾಟಕ್ಕೆ ನಿರ್ಬಂಧವಿರುವುದರಿಂದ ಶನಿವಾರ ರಿಷಿಕೇಶದಲ್ಲೋ ದೇವಪ್ರಯಾಗದಲ್ಲೋ ತಂಗಲೇಬೇಕು. ಜೋಶಿಮಠದಿಂದ ಔಲಿಗಿದ್ದ ಸುಮಾರು ನಾಲ್ಕು ಕಿ.ಮೀ. ರೋಪ್‌ವೇ ಜನವರಿ 2023ರ ಭೂಕುಸಿತದ ಹೊತ್ತಿಗೆ ನಿಂತಿತು. ಅದನ್ನು ನಂಬಿ ಯೋಜನೆ ಹಾಕದೆ ರಸ್ತೆಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಔಲಿ ಮುಟ್ಟುವುದು ಭಾನುವಾರ ಸಂಜೆ. ಶುಕ್ರವಾರ ಇಳಿದು, ರಸ್ತೆ ಮುಚ್ಚಿದರೆಂದು ಶನಿವಾರವನ್ನು ಕೈಯಲ್ಲಿಟ್ಟುಕೊಂಡರೆ ಹಿಮದ ಮೇಲೆ ಸಿಗುವುದು ನಾಲ್ಕು ದಿನ. ಇನ್ನೊಂದು ಎಚ್ಚರ: ಈ ದಾರಿಯಲ್ಲೂ ಗಢವಾಲದ ಶ್ರೀನಗರ ಎಂಬ ಊರಿದೆ. ಹೋಟೆಲ್ ಹುಡುಕುವಾಗ ರಾಜ್ಯ ನೋಡಿ.

ಐದೂವರೆಗೆ ನಾಲ್ಕು. ನನ್ನ ಆಯ್ಕೆ ಗುಲ್ಮಾರ್ಗ್ ಆದದ್ದು ಇದರಿಂದ, ಗೊಂಡೊಲಾದಿಂದ ಅಲ್ಲ. ಹೊಸಬರಿಗೆ ಗೊಂಡೊಲಾದ ಎರಡನೇ ಹಂತ ಉಪಯೋಗಕ್ಕೇ ಬರುವುದಿಲ್ಲ. ಊರು 2,650 ಮೀಟರ್ ಎತ್ತರದಲ್ಲಿದೆ. ಮೊದಲ ಹಂತ ಕೊಂಗದೂರಿವರೆಗೆ, ಎರಡನೆಯದು ಅಫರ್ವಟ್ ಬೆಟ್ಟದ ಮೇಲೆ ಸುಮಾರು 3,950 ಮೀಟರಿಗೆ. ಆ ಮೇಲಿನ ಇಳಿಜಾರು ಸಮ ಮಾಡದ ಕಚ್ಚಾ ಹಿಮ, ಹಿಮರಾಶಿ ಕುಸಿದು ಜಾರುವ ಜಾಗ. ಫೆಬ್ರವರಿ 2023ರಲ್ಲೂ ಫೆಬ್ರವರಿ 2024ರಲ್ಲೂ ಅಲ್ಲಿ ವಿದೇಶಿ ಸ್ಕೀಯರ್‌ಗಳು ಹಿಮದಡಿ ಸಿಕ್ಕಿ ಸತ್ತಿದ್ದಾರೆ. ಗೈಡ್, ಬೀಕನ್ (ಹಿಮದಡಿ ಸಿಕ್ಕವರ ಜಾಗ ತೋರಿಸುವ ರೇಡಿಯೊ), ಸಲಿಕೆ, ಪ್ರೋಬ್ (ಹಿಮ ಚುಚ್ಚಿ ಹುಡುಕುವ ಕೋಲು) ಇಲ್ಲದೆ ಅಲ್ಲಿ ಸ್ಕೀ ಮಾಡಬಾರದು. ಹೊಸಬರಿಗೆ ಬೇಕಾದ್ದು ಊರ ಮಗ್ಗುಲಿನ ಹುಲ್ಲುಗಾವಲಿನ ಮಂದ ಇಳಿಜಾರು, ಮೇಲಕ್ಕೆ ಎಳೆದೊಯ್ಯುವ ಚಿಕ್ಕ ಲಿಫ್ಟ್. ಲಿಫ್ಟ್ ಓಡುತ್ತಿದೆಯೇ ಎಂದು ತರಬೇತುದಾರರನ್ನು ಮುಂಚೆಯೇ ಕೇಳಿ. ಇಲ್ಲದಿದ್ದರೆ ಸ್ಕೀ ಹೆಗಲ ಮೇಲಿಟ್ಟು ಹತ್ತುವುದರಲ್ಲೇ ಅರ್ಧ ದಿನ ಹೋಗುತ್ತದೆ.

ಹಿಮದ ವಿಷಯದಲ್ಲಿ ಎರಡೂ ಕಡೆ ಖಾತ್ರಿಯಿಲ್ಲ. ಜನವರಿ 2024ರಲ್ಲಿ ಗುಲ್ಮಾರ್ಗೇ ತಿಂಗಳ ಕೊನೆಯವರೆಗೆ ಬರಿದಾಗಿತ್ತು. ಔಲಿಯಲ್ಲಿ ಕೃತಕ ಹಿಮದ ಯಂತ್ರಗಳಿದ್ದರೂ ಹಿಮ ಸಾಲದೆ ಸ್ಪರ್ಧೆಗಳು ರದ್ದಾದ ವರ್ಷಗಳಿವೆ. ಗಾಳಿ ಸಾಕಷ್ಟು ತಣ್ಣಗಾಗದಿದ್ದರೆ ಯಂತ್ರವೂ ಹಿಮ ಮಾಡದು. ಹಾಗಾಗಿ ಕ್ರಿಸ್ಮಸ್ ರಜೆಯಲ್ಲಿ ಹೋಗದೆ ಫೆಬ್ರವರಿಯ ಎರಡನೇ ವಾರದಿಂದ ಕೊನೆಯೊಳಗೆ ಹೋಗುವುದು ಜಾಣತನ.

ಔಲಿ ಗೆಲ್ಲುವುದು ಒಂದು ಸಂದರ್ಭದಲ್ಲಿ: ಹದಿನೈದು ದಿನ ರಜೆ ಇದ್ದು, ಶಿಸ್ತಾಗಿ ಕಲಿಯುವ ಮನಸ್ಸಿದ್ದರೆ. ಉತ್ತರಾಖಂಡ ಸರ್ಕಾರದ ಪ್ರವಾಸೋದ್ಯಮ ಸಂಸ್ಥೆಯಾದ ಗಢವಾಲ್ ಮಂಡಲ್ ವಿಕಾಸ್ ನಿಗಮದ ಏಳು ಮತ್ತು ಹದಿನಾಲ್ಕು ದಿನದ ಕೋರ್ಸುಗಳಲ್ಲಿ ವಸತಿ, ಊಟ, ಸಲಕರಣೆ, ತರಬೇತಿ ಎಲ್ಲ ಒಂದೇ ಶುಲ್ಕದಲ್ಲಿ ಬರುತ್ತವೆ. ಗುಲ್ಮಾರ್ಗ್‌ನಲ್ಲಿ ಬಿಡಿಯಾಗಿ ಹೋದರೆ ತರಬೇತುದಾರ, ಸ್ಕೀ ಬಾಡಿಗೆ, ಲಿಫ್ಟ್ ಮೂರಕ್ಕೂ ಬೇರೆ ಬೇರೆ ಚೌಕಾಸಿ. ದಿನಕ್ಕೆಷ್ಟು, ಎಷ್ಟು ತಾಸು ಎಂಬುದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ.

ಎಲ್ಲಿಗೇ ಹೋಗಿ, ರಜೆ ಕೆಡಿಸುವುದು ಬೂಟು. ಸ್ಕೀ ಬೂಟಿನ ಅಳತೆ ಪಾದದ ಸೆಂಟಿಮೀಟರ್ ಉದ್ದ. ಬಾಟಾ ಅಂಗಡಿಯ ನಂಬರ್ ಇಲ್ಲಿ ನಡೆಯದು. ಮನೆಯಲ್ಲೇ ಹಿಮ್ಮಡಿಯನ್ನು ಗೋಡೆಗೆ ತಾಗಿಸಿ, ಕಾಗದದ ಮೇಲೆ ನಿಂತು, ಉದ್ದದ ಬೆರಳಿನ ತುದಿಗೆ ಗೆರೆ ಎಳೆದು ಅಳೆದುಕೊಂಡು ಹೋಗಿ. ಬೂಟಿನೊಳಗೆ ನೆಟ್ಟಗೆ ನಿಂತಾಗ ಬೆರಳು ಮುಂದಕ್ಕೆ ತಾಗಬೇಕು, ಮೊಣಕಾಲು ಬಗ್ಗಿಸಿದಾಗ ಹಿಂದಕ್ಕೆ ಸರಿಯಬೇಕು. ಚಳಿಯೆಂದು ಎರಡು ಜೊತೆ ಕಾಲುಚೀಲ ಹಾಕಿದರೆ ಮಡಿಕೆ ಬಿದ್ದು, ರಕ್ತ ಓಡದೆ, ಕಾಲು ಇನ್ನಷ್ಟು ತಣ್ಣಗಾಗುತ್ತದೆ. ತೆಳು ಉಣ್ಣೆಯದು ಒಂದೇ ಸಾಕು, ಥರ್ಮಲ್ ಪ್ಯಾಂಟಿನ ತುದಿ ಬೂಟಿನ ಹೊರಗಿರಲಿ. ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿದ ಮೇಲೆಯೇ ಬಕಲ್ ಬಿಗಿಯಿರಿ. ಸ್ಕೀ ಉದ್ದ ಎದೆಯಿಂದ ಗದ್ದದ ನಡುವೆ ಇದ್ದರೆ ತಿರುಗಿಸಲು ಸುಲಭ.

ಬಾಡಿಗೆ ಅಂಗಡಿಯಲ್ಲಿ, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗನ್ನು ಹಿಂದಿನವರಿಗೆ ಹೊಂದಿಸಿದಂತೆಯೇ ಕೊಟ್ಟುಬಿಡುವುದುಂಟು. ಬಿದ್ದಾಗ ಸ್ಕೀ ಕಳಚಿಕೊಳ್ಳದಿದ್ದರೆ ತಿರುಚಿಕೊಳ್ಳುವುದು ಮೊಣಕಾಲು. ನಿಮ್ಮ ತೂಕ, ಎತ್ತರ, ವಯಸ್ಸು, ಹೊಸಬರೆಂಬ ಮಾತು ನಾಲ್ಕನ್ನೂ ಹೇಳಿ, ಸ್ಕ್ರೂ ತಿರುಗಿಸಿ ಸರಿಪಡಿಸುವವರೆಗೆ ಅಲ್ಲೇ ನಿಲ್ಲಿ.

ಜೀನ್ಸ್ ಬೇಡ, ಹತ್ತಿ ಬನಿಯನ್ನೂ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಜಾಕೆಟ್-ಪ್ಯಾಂಟು ಅಲ್ಲೇ ಬಾಡಿಗೆಗೆ ಸಿಗುತ್ತವೆ. ಥರ್ಮಲ್, ನೀರು ಹೀರದ ಕೈಗವಸು, ಸ್ಕೀ ಕನ್ನಡಕ (ಗಾಗಲ್ಸ್) ಸ್ವಂತದ್ದಿರಲಿ. ತಿಂಡಿಗೆ ಮಂಡಕ್ಕಿ ಹೊತ್ತರೆ ಚೀಲ ತುಂಬುತ್ತದೆ. ಅವಲಕ್ಕಿ, ಶೇಂಗಾ ಚಟ್ನಿಪುಡಿ ಸಾಕು.

ತೊಡೆಯ ತಯಾರಿ ಆರು ವಾರ ಮುಂಚೆ. ಕುಂದುವಾಡ ಕೆರೆಯ ಸಮತಟ್ಟಾದ ನಡಿಗೆ ಉಸಿರಿಗೆ ಒಳ್ಳೆಯದು, ಸ್ಕೀಗೆ ಸಾಲದು. ಇಳಿಯುವುದೇ ತೊಡೆಗೆ ಅಭ್ಯಾಸ. ವಾರಕ್ಕೊಮ್ಮೆ ಚಿತ್ರದುರ್ಗದ ಕೋಟೆ ಅಥವಾ ಜೋಗಿಮಟ್ಟಿ ಹತ್ತಿ, ನಿಧಾನವಾಗಿ ಇಳಿಯಿರಿ. ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಂತೆ ಕೂತು 90 ಸೆಕೆಂಡು ತಡೆಯಬಲ್ಲಿರಾದರೆ ತಯಾರಿ ಸರಿಯಿದೆ. ದಾವಣಗೆರೆ ಇರುವುದು 600 ಮೀಟರಿನಲ್ಲಿ. ಮೇಲೆ ಮೊದಲ ದಿನ ತಲೆನೋವು ಬರಬಹುದು, ನೀರು ಕುಡಿಯುತ್ತಿರಿ.

ಕಾಶ್ಮೀರಕ್ಕೆ ಮೂರು ಕೆಲಸ ಹೆಚ್ಚು. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ತಿಂಗಳ ಮುಂಚೆ ಪೋಸ್ಟ್‌ಪೇಯ್ಡ್ ಮಾಡಿಸಿ. ತಂಗ್‌ಮಾರ್ಗ್‌ನಿಂದ ಮೇಲಿನ 13 ಕಿ.ಮೀ.ಗೆ ಹಿಮವಿದ್ದಾಗ ಚಕ್ರಕ್ಕೆ ಚೈನ್ ಹಾಕಿದ ಗಾಡಿ ಬೇಕು, ಆ ಬಾಡಿಗೆ ಬೇರೆ. ಏಪ್ರಿಲ್ 2025ರ ಪಹಲ್ಗಾಮ್ ದಾಳಿಯ ನಂತರ ಹಲವು ತಾಣಗಳನ್ನು ಮುಚ್ಚಿದ್ದರು, ಆದ್ದರಿಂದ ಟಿಕೆಟ್ ತೆಗೆಯುವ ಮುಂಚೆ ಅಂದಿನ ಸರ್ಕಾರಿ ಸೂಚನೆ ನೋಡಿ. ವಿಮೆ ಮಾಡಿಸುವಾಗ ಸ್ಕೀ ಅಪಘಾತ ಸೇರಿದೆಯೇ ಎಂಬ ಸಾಲನ್ನು ಹುಡುಕಿ ಓದಿ. ಕಡಿಮೆ ಕಂತಿನ ಪಾಲಿಸಿಗಳಲ್ಲಿ ಅದನ್ನು ಹೊರಗಿಟ್ಟಿರುವುದು ಸಾಮಾನ್ಯ.

ವಿಮಾನದ ಟಿಕೆಟ್ ಡಿಸೆಂಬರಿನಲ್ಲೇ ತೆಗೆಯಿರಿ. ಹೋಟೆಲ್ ಮಾತ್ರ ಹಣ ವಾಪಸ್ ಸಿಗುವ ಷರತ್ತಿನದ್ದೇ ಇರಲಿ. ಹೊರಡುವ ಹತ್ತು ದಿನ ಮುಂಚೆ ತರಬೇತುದಾರರಿಂದ ಇಳಿಜಾರಿನ ಅಂದಿನ ವಿಡಿಯೊ ತರಿಸಿಕೊಂಡು, ಹುಲ್ಲು ಕಾಣುತ್ತಿದ್ದರೆ ಒಂದು ವಾರ ಮುಂದೂಡಿ.