ಕಲಬುರಗಿ ಮನೆಗೆ ಅಗ್ಗದ ಪ್ರೊಜೆಕ್ಟರ್: ಏನು ನೋಡಿ ಕೊಳ್ಳಬೇಕು, ಹೇಗೆ ಬಳಸಬೇಕು

10 ಸಾವಿರ ರೂಪಾಯಿ ಆಸುಪಾಸಿನ ಪ್ರೊಜೆಕ್ಟರ್ ರಾತ್ರಿ ಹೊತ್ತಿನ ಸಾಮಾನು. ಇದನ್ನು ಮೊದಲೇ ಒಪ್ಪಿಕೊಂಡರೆ ಕೊಂಡ ಮೇಲೆ ಬೇಸರ ಆಗುವುದಿಲ್ಲ. ಕಲಬುರಗಿಯ ಹಗಲಿನ ಎದುರು ಅದು ನಿಲ್ಲಲಾರದು. ಕಿಟಕಿಗೆ ಪರದೆ ಎಳೆದರೂ ಸಂದಿಯಿಂದ ಬರುವ ಬಿಸಿಲೇ ಚಿತ್ರವನ್ನು ತಿಂದುಹಾಕುತ್ತದೆ. ಆದರೆ ರಾತ್ರಿ ಊಟ ಮುಗಿಸಿ, ದೀಪ ಆರಿಸಿ, ಗೋಡೆ ತುಂಬ ಕ್ರಿಕೆಟ್ ಹಾಕಿಕೊಂಡು ಮನೆಮಂದಿಯೆಲ್ಲ ಚಾಪೆ ಮೇಲೆ ಕೂತರೆ ಆ ಖುಷಿ ಟಿವಿಯಲ್ಲಿ ಸಿಗುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆ ಬ್ರಹ್ಮಪುರದಲ್ಲಿ, ತವರು ಚಿಂಚೋಳಿ ತಾಲೂಕಿನ ಹಳ್ಳಿಯಲ್ಲಿ. ನಮ್ಮ ಪ್ರೊಜೆಕ್ಟರ್ ಎರಡೂ ಮನೆಯಲ್ಲಿ ಓಡುತ್ತದೆ. ಬಂಧುಬಳಗದವರು ಯಾವುದು ತಗೊಳ್ಳಲಿ ಅಂತ ಕೇಳಿದಾಗ ನಾನು ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಲುಮೆನ್ಸ್ ಲೆಕ್ಕ

ಲುಮೆನ್ಸ್ ಅಂದರೆ ಬೆಳಕಿನ ಅಳತೆ. ಅಂಗಡಿಗೆ ಹೋದ ಕೂಡಲೇ ಕೇಳಿಸುವ ಮಾತು ಇದು: “ಅಕ್ಕಾರ, ಇದು ಒಂಬತ್ತು ಸಾವಿರ ಲುಮೆನ್ಸ್ ಅದ ನೋಡ್ರಿ.” ಆನ್‌ಲೈನಿನಲ್ಲೂ ಡಬ್ಬಿಯ ಮೇಲೆ ಇಂಥದ್ದೇ ದೊಡ್ಡ ಅಂಕಿ ಇರುತ್ತದೆ. ಆ ಅಂಕಿ ಬಿಡಿ. ‘ಎಎನ್‌ಎಸ್‌ಐ ಲುಮೆನ್ಸ್ ಎಷ್ಟು’ ಅಂತ ಕೇಳಿ. ಎಎನ್‌ಎಸ್‌ಐ ಅಂದರೆ ಅಮೆರಿಕದ ಮಾನದಂಡ ಸಂಸ್ಥೆ. ಅದರ ಪ್ರಕಾರ ಅಳೆಯುವ ಕ್ರಮ ಸರಳ. ಪೂರ್ತಿ ಬಿಳಿ ಚಿತ್ರ ಬಿಟ್ಟು, ಪರದೆಯನ್ನು ಒಂಬತ್ತು ಸಮ ಭಾಗ ಮಾಡಿ, ಒಂದೊಂದರ ನಡುವೆಯೂ ಬೆಳಕು ಅಳೆದು, ಸರಾಸರಿ ತೆಗೆದು, ಅದನ್ನು ಪರದೆಯ ವಿಸ್ತೀರ್ಣದಿಂದ ಗುಣಿಸುತ್ತಾರೆ. ಅಂದರೆ ಗೋಡೆಗೆ ನಿಜವಾಗಿ ಬಂದು ಮುಟ್ಟಿದ ಬೆಳಕಿನ ಲೆಕ್ಕ. ಡಬ್ಬಿಯ ಮೇಲಿನ ಸಾವಿರಗಳು ಹೆಚ್ಚಾಗಿ ಒಳಗಿನ ಎಲ್‌ಇಡಿ ದೀಪದ ಲೆಕ್ಕ. ಎಷ್ಟೋ ಸಲ ಅದೂ ಅಲ್ಲ, ಬರೀ ಜಾಹೀರಾತು. ದೀಪದ ಬೆಳಕು ಎಲ್‌ಸಿಡಿ ಪ್ಯಾನಲ್ (ಚಿತ್ರ ಮೂಡಿಸುವ ಪುಟ್ಟ ಗಾಜಿನ ಹಲಗೆ) ದಾಟಿ, ಲೆನ್ಸ್ ದಾಟಿ ಹೊರಗೆ ಬರಬೇಕು. ಪ್ಯಾನಲ್ಲಿನ ಪೋಲರಾಯ್ಡ್ ಹಾಳೆಗಳೇ ಅರ್ಧಕ್ಕಿಂತ ಜಾಸ್ತಿ ಬೆಳಕು ನುಂಗುತ್ತವೆ.

ಈ ಬೆಲೆಯ ಯಂತ್ರಗಳಲ್ಲಿ ನಿಜವಾದ ಎಎನ್‌ಎಸ್‌ಐ ಅಂಕಿ ಸಾಮಾನ್ಯವಾಗಿ 100ರಿಂದ 400ರೊಳಗೆ ಇರುತ್ತದೆ. ಕತ್ತಲೆ ಕೋಣೆಯಲ್ಲಿ 200 ಇದ್ದರೆ 80 ಇಂಚಿನ (ಮೂಲೆಯಿಂದ ಎದುರು ಮೂಲೆಗೆ ಅಳೆದದ್ದು) ಚಿತ್ರ ಚೆನ್ನಾಗಿಯೇ ಕಾಣುತ್ತದೆ. 100 ಇಂಚು ಬೇಕೆಂದರೆ 300ಕ್ಕಿಂತ ಮೇಲಿನದು ನೋಡಿ. ಎಎನ್‌ಎಸ್‌ಐ ಅಂಕಿಯನ್ನೇ ಎಲ್ಲೂ ಬರೆಯದ ಯಂತ್ರವನ್ನು ನಾನಂತೂ ಯಾರಿಗೂ ಹೇಳುವುದಿಲ್ಲ.

ಇನ್ನೊಂದು ಮಾತು. ಚಿತ್ರದ ಇಂಚು ದುಪ್ಪಟ್ಟಾದರೆ ಬೆಳಕು ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಅಗಲವೂ ಎರಡರಷ್ಟು, ಎತ್ತರವೂ ಎರಡರಷ್ಟು, ಅದೇ ಬೆಳಕು ನಾಲ್ಕರಷ್ಟು ಜಾಗಕ್ಕೆ ಹಂಚಿಹೋಗುತ್ತದಲ್ಲ. ಹಾಗಾಗಿ ‘200 ಇಂಚಿನವರೆಗೆ ಬರುತ್ತೆ’ ಅಂದರೆ ನಂಬಿ ದುಡ್ಡು ಕೊಡಬೇಡಿ. ಬರುವುದೇನೋ ನಿಜ, ಮಸುಕಾಗಿ ಬರುತ್ತದೆ. ಚಿತ್ರ ಚಿಕ್ಕದಾದರೂ ಬೆಳಗಬೇಕು.

ಆಮೇಲೆ ರೆಸಲ್ಯೂಷನ್, ಅಂದರೆ ಚಿತ್ರದಲ್ಲಿ ಎಷ್ಟು ಚುಕ್ಕೆ ಅನ್ನುವ ಲೆಕ್ಕ. ‘ಫೋರ್‌ಕೆ ಸಪೋರ್ಟ್’ ಅಂದರೆ ಫೋರ್‌ಕೆ ಫೈಲ್ ಕೊಟ್ಟರೆ ತೆರೆಯುತ್ತದೆ ಅಂತ ಮಾತ್ರ. ಗೋಡೆಯ ಮೇಲೆ ಬೀಳುವುದು ಒಳಗಿನ ಪ್ಯಾನಲ್ಲಿಗೆ ಇರುವಷ್ಟೇ ಚುಕ್ಕೆ. ‘ನೇಟಿವ್ ರೆಸಲ್ಯೂಷನ್’ ಅನ್ನುವ ಸಾಲು ಹುಡುಕಿ. ಅಲ್ಲಿ 854×480 ಅಂತಿದ್ದರೆ ಮಕ್ಕಳ ಕಾರ್ಟೂನಿಗೆ ಸಾಕು, ಅಷ್ಟೇ. 1280×720 ಇದ್ದರೆ ಸಿನಿಮಾಕ್ಕೆ ಅಡ್ಡಿಯಿಲ್ಲ. ಅಕ್ಷರ ಓದಬೇಕು, ಮಕ್ಕಳ ಪಾಠ ತೋರಿಸಬೇಕು ಅಂದರೆ 1920×1080 ಇರಲಿ. ಇಲ್ಲದಿದ್ದರೆ ನಮ್ಮ ಅವ್ವ ಅಂದ ಹಾಗೆ “ಅಕ್ಷರ ಛಂದ ಕಾಣವಲ್ವು ನೋಡವ್ವ” ಅನ್ನಬೇಕಾಗುತ್ತದೆ. ಕನ್ನಡದ ಒತ್ತಕ್ಷರಕ್ಕೆ ಚುಕ್ಕೆ ಜಾಸ್ತಿ ಬೇಕು.

ಸಾಧ್ಯವಾದರೆ ಅಂಗಡಿಯಲ್ಲಿ ಓಡಿಸಿಯೇ ನೋಡಿ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗುವಾಗ ಮೊಬೈಲಿನಲ್ಲಿ ಮೂರು ಚಿತ್ರ ಇಟ್ಟುಕೊಳ್ಳಿ: ಪೂರ್ತಿ ಬಿಳಿ, ಪೂರ್ತಿ ಕಪ್ಪು, ಮತ್ತು ಕನ್ನಡ ಪತ್ರಿಕೆಯ ಒಂದು ಪುಟ. ಬಿಳಿಯಲ್ಲಿ ಹಳದಿ ಕಲೆ, ಮೂಲೆಯ ನೆರಳು ಗೊತ್ತಾಗುತ್ತದೆ. ಕಪ್ಪಿನಲ್ಲಿ ಆರದೆ ಹೊಳೆಯುತ್ತಲೇ ಇರುವ ಕೆಟ್ಟ ಚುಕ್ಕೆ, ಧೂಳು ಕಾಣುತ್ತದೆ. ಪತ್ರಿಕೆಯ ಪುಟ ಹಾಕಿ ನಡುವೆ ಫೋಕಸ್ ಮಾಡಿ, ಆಮೇಲೆ ನಾಲ್ಕೂ ಮೂಲೆ ಓದಿ. ಮೂಲೆಗಳು ಸ್ವಲ್ಪ ಮಸುಕಾಗುವುದು ಈ ಬೆಲೆಯಲ್ಲಿ ಇದ್ದದ್ದೇ. ಓದಲಿಕ್ಕೇ ಬರದಿದ್ದರೆ ಬೇರೆಯದು ತೆಗೆಸಿ. ಆನ್‌ಲೈನಿನಲ್ಲಿ ತರಿಸಿದರೆ ಡಬ್ಬಿ ಬಿಚ್ಚುವುದನ್ನು ವಿಡಿಯೋ ಮಾಡಿಕೊಂಡು, ಅದೇ ದಿನ ರಾತ್ರಿ ಈ ಮೂರೂ ಪರೀಕ್ಷೆ ಮಾಡಿ. ವಾಪಸ್ ಕೊಡುವ ಗಡುವು ಮುಗಿದ ಮೇಲೆ ಯಾರೂ ಕೇಳುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಪ್ರೊಜೆಕ್ಟರ್ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನೂ ನೋಡಿಕೊಳ್ಳಿ.

ಆ್ಯಪ್ ಮತ್ತು ಮೊಬೈಲ್

‘ಆಂಡ್ರಾಯ್ಡ್ ಇದೆ’ ಅಂದ ಮಾತ್ರಕ್ಕೆ ಎಲ್ಲ ಆ್ಯಪ್ ಸರಿಯಾಗಿ ಓಡುತ್ತವೆ ಅಂತಲ್ಲ. ನೆಟ್‌ಫ್ಲಿಕ್ಸ್‌ನಂಥ ಆ್ಯಪ್‌ಗಳು ಒಪ್ಪಿಗೆ ಪಡೆದ ಸಾಧನಗಳಲ್ಲಿ ಮಾತ್ರ ಪೂರ್ತಿ ಗುಣಮಟ್ಟದ ಚಿತ್ರ ಕೊಡುತ್ತವೆ. ಉಳಿದವುಗಳಲ್ಲಿ ಚಿತ್ರ ಮಂಕು, ಇಲ್ಲವೇ ಆ್ಯಪೇ ತೆರೆಯುವುದಿಲ್ಲ. ಮೊಬೈಲ್ ಪರದೆಯನ್ನು ಹಾಗೇ ಪ್ರೊಜೆಕ್ಟರಿಗೆ ಬಿಡೋಣ ಅಂದರೂ ಇಂಥ ಆ್ಯಪ್‌ಗಳಲ್ಲಿ ಎಷ್ಟೋ ಸಲ ಸದ್ದು ಮಾತ್ರ ಬಂದು ಚಿತ್ರ ಕಪ್ಪಾಗುತ್ತದೆ. ನಕಲು ತಡೆಯಲು ಮಾಡಿದ ಬೀಗ ಅದು, ಯಂತ್ರ ಕೆಟ್ಟಿಲ್ಲ.

ಪರಿಹಾರ ಸುಲಭ. ಎಚ್‌ಡಿಎಂಐ ಕಿಂಡಿ (ಚಿತ್ರ, ಸದ್ದು ಎರಡೂ ಒಳಗೆ ಬರುವ ಕಿಂಡಿ) ಇರುವ ಪ್ರೊಜೆಕ್ಟರ್ ಕೊಂಡು, ಅದಕ್ಕೆ ಫೈರ್ ಟಿವಿ ಸ್ಟಿಕ್ ತರಹದ, ಆ್ಯಪ್ ಓಡಿಸುವ ಪುಟ್ಟ ಸಾಧನ ಸಿಕ್ಕಿಸಿ. ಸ್ಟಿಕ್ಕಿಗೆ ಕರೆಂಟನ್ನು ಅದರ ಜೊತೆ ಬಂದ ಅಡಾಪ್ಟರಿನಿಂದಲೇ ಕೊಡಿ. ಪ್ರೊಜೆಕ್ಟರಿನ ಯುಎಸ್‌ಬಿ ಕಿಂಡಿಯ ಶಕ್ತಿ ಸಾಲದೆ ಸ್ಟಿಕ್ ಪದೇ ಪದೇ ಬಂದ್ ಆಗಬಹುದು. ಟೈಪ್-ಸಿ ಕೇಬಲ್ಲಿನಿಂದ ಮೊಬೈಲ್ ಜೋಡಿಸುತ್ತೇನೆ ಅನ್ನುವವರು ಮೊದಲು ತಮ್ಮ ಫೋನಿಗೆ ಕೇಬಲ್ಲಿನಿಂದ ಚಿತ್ರ ಕಳಿಸುವ ಸೌಲಭ್ಯ ಇದೆಯಾ ನೋಡಿ. ಕಡಿಮೆ ಬೆಲೆಯ ಫೋನುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಪೆನ್‌ಡ್ರೈವ್ ಒಳ್ಳೆಯದು.

ಗೋಡೆ ಮತ್ತು ಜಾಗ

ಟೇಪ್ ಹಿಡಿದು ಅಳೆಯಿರಿ. ಯಂತ್ರದ ವಿವರದಲ್ಲಿ ‘ಥ್ರೋ ರೇಶಿಯೋ’ ಅಂತ ಒಂದು ಅಂಕಿ ಇರುತ್ತದೆ. ಗೋಡೆಯಿಂದ ಎಷ್ಟು ದೂರ ಇಡಬೇಕು ಅನ್ನುವುದನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಅದು ಬರುತ್ತದೆ. 80 ಇಂಚಿನ ಚಿತ್ರದ ಅಗಲ ಸುಮಾರು 5.8 ಅಡಿ. ರೇಶಿಯೋ 1.25 ಇದ್ದರೆ ಯಂತ್ರ ಗೋಡೆಯಿಂದ 7 ಅಡಿ ಚಿಲ್ಲರೆ ದೂರ ಇರಬೇಕು. 100 ಇಂಚಿಗೆ 9 ಅಡಿ. 10 ಅಡಿ ಕೋಣೆಯಲ್ಲಿ ಕಪಾಟು, ಮಂಚ ಕಳೆದರೆ ಎಷ್ಟು ಉಳಿಯುತ್ತದೆ ಅಂತ ಮೊದಲೇ ನೋಡಿಕೊಳ್ಳಿ.

ಯಂತ್ರವನ್ನು ಗೋಡೆಗೆ ನೇರವಾಗಿ, ಚಿತ್ರದ ನಡುವಿಗೆ ಸರಿಯಾಗಿ ಇಡಿ. ಓರೆ ಇಟ್ಟು ಕೀಸ್ಟೋನ್ ಬಟನ್ನಿನಿಂದ ಸರಿಮಾಡಬಹುದು, ನಿಜ. ಆದರೆ ಅದು ಪ್ಯಾನಲ್ಲಿನ ಒಂದಷ್ಟು ಚುಕ್ಕೆಯನ್ನೇ ಬಿಟ್ಟುಕೊಟ್ಟು ಚಿತ್ರವನ್ನು ಕುಗ್ಗಿಸುತ್ತದೆ. ಮೊದಲೇ ಕಡಿಮೆ ಇರುವ ಬೆಳಕು, ಚುಕ್ಕೆ ಇನ್ನೂ ಕಡಿಮೆ ಆಗುತ್ತವೆ. ಬಹಳಷ್ಟು ಯಂತ್ರಗಳ ಅಡಿಯಲ್ಲಿ ಕ್ಯಾಮೆರಾಕ್ಕೆ ಇರುವಂಥದ್ದೇ ಸ್ಕ್ರೂ ತೂತು ಇರುತ್ತದೆ. ಒಂದು ಗಟ್ಟಿ ಟ್ರೈಪಾಡ್ ಸಾಕು. ಅದನ್ನು ಮಕ್ಕಳ ತಲೆಗಿಂತ ಎತ್ತರಕ್ಕೆ ಏರಿಸಿ. ಮಕ್ಕಳು ಲೆನ್ಸಿನ ಒಳಗೆ ಕಣ್ಣಿಟ್ಟು ನೋಡುವುದು ಬೇಡವೇ ಬೇಡ.

ನಮ್ಮ ಕಡೆ ಹಳೆ ಮನೆಗಳು ಶಹಾಬಾದ್ ಕಲ್ಲಿನವು. ಬರೀ ಕಲ್ಲಿನ ಗೋಡೆ ಬೂದು ಬಣ್ಣ, ಉಬ್ಬು ತಗ್ಗು ಬೇರೆ. ಅದರ ಮೇಲೆ ಬಿಡಬೇಡಿ. ಸುಣ್ಣ ಬಳಿದ ಗೋಡೆ ಹೊಳೆಯುವುದಿಲ್ಲ, ಹಾಗಾಗಿ ಒಳ್ಳೆಯದೇ. ಸುಣ್ಣಕ್ಕೆ ನೀಲಿ ಜಾಸ್ತಿ ಬಿದ್ದಿದ್ದರೆ ಮಾತ್ರ ಎಲ್ಲರ ಮುಖಕ್ಕೂ ನೀಲಿ ಛಾಯೆ ಬರುತ್ತದೆ. ಸೆಟ್ಟಿಂಗಿನಲ್ಲಿ ಬಣ್ಣವನ್ನು ‘ವಾರ್ಮ್’ ಮಾಡಿದರೆ ಸರಿಹೋಗುತ್ತದೆ. ಆಯಿಲ್ ಪೇಂಟ್ ಗೋಡೆ ಬೇಡ, ನಡುವೆ ಬೆಳಕಿನ ಉಂಡೆ ಮಿಂಚುತ್ತದೆ.

ಗೋಡೆ ಸರಿ ಇಲ್ಲದಿದ್ದರೆ ದಪ್ಪ ಬಿಳಿ ಬೆಡ್‌ಶೀಟ್. ತೆಳು ಬಟ್ಟೆಯಲ್ಲಿ ಬೆಳಕು ಹಿಂದಕ್ಕೆ ಸೋರಿಹೋಗುತ್ತದೆ. ಎರಡು ಪದರ ಮಾಡಿ, ಇಸ್ತ್ರಿ ಹಾಕಿ, ಮೇಲೆ ಕೆಳಗೆ ಪಿವಿಸಿ ಪೈಪ್ ತೂರಿಸಿ ಬಿಗಿಯಾಗಿ ಕಟ್ಟಿ. ಸುತ್ತ ನಾಲ್ಕು ಬೆರಳಷ್ಟು ಕಪ್ಪು ಬಟ್ಟೆಯ ಅಂಚು ಹೊಲಿಸಿದರೆ ಚಿತ್ರ ಇನ್ನೂ ಎದ್ದು ಕಾಣುತ್ತದೆ. ದರ್ಜಿ ಅಂಗಡಿಯಲ್ಲಿ ಆಗುವ ಕೆಲಸ. ಸಾವಿರಾರು ರೂಪಾಯಿಯ ಸ್ಕ್ರೀನ್ ಈ ಯಂತ್ರಕ್ಕೆ ಬೇಕಿಲ್ಲ.

ಬಿಸಿಲು, ಮಾಳಿಗೆ, ಕೂಲರ್

ಬೆಂಗಳೂರಿನವರು ಹೇಳುವ ಸಲಹೆಗಳಲ್ಲಿ ಇದು ಇರುವುದಿಲ್ಲ. ನಮ್ಮಲ್ಲಿ ಏಪ್ರಿಲ್, ಮೇ ಬಂತೆಂದರೆ ಹಗಲು 40 ಡಿಗ್ರಿ ದಾಟುವುದು ಮಾಮೂಲು. ಬಹಳಷ್ಟು ಪ್ರೊಜೆಕ್ಟರ್‌ಗಳನ್ನು ಮಾಡಿರುವುದೇ 35, ಹೆಚ್ಚೆಂದರೆ 40 ಡಿಗ್ರಿವರೆಗಿನ ಗಾಳಿಗೆ. ಒಳಗಿನ ದೀಪ ಬಿಸಿ, ಫ್ಯಾನ್ ಒಳಗೆಳೆಯುವ ಗಾಳಿಯೂ ಬಿಸಿ ಅಂದರೆ ಪ್ಯಾನಲ್ಲಿನ ಹಾಳೆ ಸುಟ್ಟು ಚಿತ್ರದ ನಡುವೆ ಹಳದಿ ಕಲೆ ಕೂರುತ್ತದೆ. ಅದು ಒರೆಸಿದರೆ ಹೋಗುವ ಕಲೆ ಅಲ್ಲ. ಬೇಸಿಗೆಯ ಮಧ್ಯಾಹ್ನ ಪ್ರೊಜೆಕ್ಟರ್ ಮುಟ್ಟಲೇಬೇಡಿ. ಯಂತ್ರದ ಸುತ್ತ ಒಂದಡಿ ಜಾಗ ಖಾಲಿ ಬಿಡಿ. ಹಾಸಿಗೆ, ದಿಂಬಿನ ಮೇಲೆ ಇಟ್ಟರೆ ಗಾಳಿಯ ಕಿಂಡಿ ಮುಚ್ಚಿಹೋಗುತ್ತದೆ. ಮರದ ಹಲಗೆ ಅಥವಾ ಸ್ಟೂಲು ಸರಿ.

ಕೂಲರ್ ಮುಂದೆ ಇಟ್ಟರೆ ತಂಪಾಗಿರುತ್ತೆ ಅಲ್ವಾ ಅಂತ ಅನಿಸಬಹುದು. ಬೇಡ. ಕೂಲರಿನ ಗಾಳಿಯಲ್ಲಿ ಹಸಿ ಇರುತ್ತದೆ, ಒಮ್ಮೊಮ್ಮೆ ನೀರಿನ ಹನಿಯೂ ಹಾರುತ್ತದೆ. ಅದು ಕರೆಂಟಿನ ಸಾಮಾನಿಗೆ ಒಳ್ಳೆಯದಲ್ಲ. ಕೂಲರ್ ಜನರ ಕಡೆ ತಿರುಗಿರಲಿ, ಪ್ರೊಜೆಕ್ಟರಿಗೆ ಸೀಲಿಂಗ್ ಫ್ಯಾನ್ ಸಾಕು.

ಮಾಳಿಗೆಯ ಮೇಲೆ ನೋಡುವುದಾದರೆ ಸಂಜೆ ನೀರು ಹೊಡೆದು ತಣಿಸಿ. ಕಾದ ಮಾಳಿಗೆ ಕತ್ತಲಾದ ಮೇಲೂ ಬಿಸಿ ಉಗುಳುತ್ತಿರುತ್ತದೆ. ಒಣಗಿದ ಮೇಲೆ ಚಾಪೆ ಹಾಸಿ, ಪ್ರೊಜೆಕ್ಟರನ್ನು ಸ್ಟೂಲಿನ ಮೇಲಿಡಿ. ಪರದೆಯ ಕೆಳಗಿನ ಪೈಪಿಗೆ ಎರಡೂ ಕಡೆ ಇಟ್ಟಿಗೆ ಕಟ್ಟಿ, ಇಲ್ಲದಿದ್ದರೆ ಗಾಳಿಗೆ ಹಾರಾಡುತ್ತದೆ. ಮಳೆಗಾಲ ಶುರುವಾಯಿತೆಂದರೆ ಹೊರಗಿನ ಆಟ ನಿಲ್ಲಿಸಿ. ಮಳೆಗಿಂತ ದೀಪದ ಹುಳುಗಳ ಕಾಟ ಜಾಸ್ತಿ, ಬೆಳಕಿಗೆ ಮುತ್ತಿ ಕಿಂಡಿಯೊಳಗೆ ಹೋಗಿ ಸಾಯುತ್ತವೆ. ಓಣಿಯ ಮಕ್ಕಳು ಬಂದು ಕೂತರೆ ಕೂರಲಿ. ದುಡ್ಡು ತಗೊಂಡು ತೋರಿಸುವುದು ಮಾತ್ರ ತಪ್ಪು, ಮನೆಬಳಕೆಗೆ ಕೊಂಡ ಚಂದಾದಲ್ಲಿ ಅದಕ್ಕೆ ಅನುಮತಿ ಇಲ್ಲ.

ಕರೆಂಟು, ಸದ್ದು

‘ಪೋರ್ಟಬಲ್’ ಅಂದ ಕೂಡಲೇ ಒಳಗೆ ಬ್ಯಾಟರಿ ಇದೆ ಅಂದುಕೊಳ್ಳಬೇಡಿ. ಈ ಬೆಲೆಯವು ಹೆಚ್ಚಿನವು ನೇರ ಕರೆಂಟಿಗೇ ಓಡುತ್ತವೆ. 50ರಿಂದ 100 ವ್ಯಾಟ್ ಆಸುಪಾಸು ಬೇಕು, ಮನೆಯ ಇನ್ವರ್ಟರ್ ಅದನ್ನು ಆರಾಮಾಗಿ ಎಳೆಯುತ್ತದೆ. ನಡುವೆ ಕರೆಂಟ್ ಹೋದರೆ ಹೆದರಬೇಡಿ. ಹಳೆ ಕಾಲದ ಬಲ್ಬ್ ಪ್ರೊಜೆಕ್ಟರಿಗೆ ಫ್ಯಾನ್ ಓಡಿಸಿ ತಣಿಸುವುದು ಕಡ್ಡಾಯವಿತ್ತು, ಎಲ್‌ಇಡಿಗೆ ಅಷ್ಟು ಅಪಾಯ ಇಲ್ಲ. ಹೆದರಬೇಕಾದದ್ದು ಕರೆಂಟ್ ಜೋರಾಗಿ ತಿರುಗಿ ಬರುವಾಗ. ಒಳ್ಳೆಯ ಸ್ಪೈಕ್ ಗಾರ್ಡ್ ಹಾಕಿ, ಕರೆಂಟ್ ಹೋದಾಗ ಸ್ವಿಚ್ ಆರಿಸಿ.

ಒಳಗಿನ ಸ್ಪೀಕರ್ ಚಿಕ್ಕದು. ಯಂತ್ರದ ಫ್ಯಾನು, ಮೇಲಿನ ಫ್ಯಾನು, ಕೂಲರು, ಮೂರರ ನಡುವೆ ಮಾತು ಕೇಳಿಸುವುದಿಲ್ಲ. ಹೊರಗಿನ ಸ್ಪೀಕರನ್ನು ವೈರಿನಿಂದ ಜೋಡಿಸಿ, ಪರದೆಯ ಪಕ್ಕ ಇಡಿ. ಬ್ಲೂಟೂತ್ ಆದರೆ ತುಟಿಗೂ ಮಾತಿಗೂ ಹೊಂದಾಣಿಕೆ ತಪ್ಪಬಹುದು.

ಧೂಳು

ಬೇಸಿಗೆಯ ಗಾಳಿಗೆ ನಮ್ಮೂರಲ್ಲಿ ಧೂಳು ಎಲ್ಲೆಲ್ಲೂ. ಸೇಡಂ, ವಾಡಿಯಂಥ ಸಿಮೆಂಟ್ ಫ್ಯಾಕ್ಟರಿ ಊರುಗಳವರಿಗೆ ಹೇಳಬೇಕಾಗಿಯೇ ಇಲ್ಲ. ಕೊಳ್ಳುವಾಗ ‘ಸೀಲ್ಡ್ ಆಪ್ಟಿಕಲ್ ಎಂಜಿನ್’ ಇರುವುದಕ್ಕೆ ಸಾವಿರ ರೂಪಾಯಿ ಜಾಸ್ತಿ ಆದರೂ ಕೊಡಿ. ಲೆನ್ಸ್, ಪ್ಯಾನಲ್ ಇರುವ ಗೂಡು ಮುಚ್ಚಿರುತ್ತದೆ, ಧೂಳು ಒಳಗೆ ಹೋಗುವುದು ಕಡಿಮೆ. ನೋಡಿ ಮುಗಿದ ಮೇಲೆ ಯಂತ್ರ ತಣ್ಣಗಾಗಲಿ, ಆಮೇಲೆ ಲೆನ್ಸಿಗೆ ಮುಚ್ಚಳ ಹಾಕಿ ಬಟ್ಟೆ ಚೀಲದಲ್ಲಿಡಿ. ಗಾಳಿಯ ಜಾಲರಿಯನ್ನು ತಿಂಗಳಿಗೊಮ್ಮೆ ಮೆತ್ತನೆ ಬ್ರಶ್ಶಿನಿಂದ ಝಾಡಿಸಿ. ಲೆನ್ಸಿಗೆ ಕ್ಯಾಮೆರಾ ಅಂಗಡಿಯಲ್ಲಿ ಸಿಗುವ ರಬ್ಬರ್ ಬ್ಲೋವರ್ ಬಳಸಿ, ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಬೆರಳ ಗುರುತು ಇದ್ದರೆ ಕನ್ನಡಕ ಒರೆಸುವ ಬಟ್ಟೆ ಸಾಕು.

ಗೋಡೆಯ ಮೇಲೆ ಮಸುಕು ಚುಕ್ಕೆ ಕಂಡರೆ ಮೊದಲು ಲೆನ್ಸ್ ಒರೆಸಿ ನೋಡಿ. ಹೋಗಲಿಲ್ಲ, ಫೋಕಸ್ ತಿರುಗಿಸಿದಾಗ ಚುಕ್ಕೆ ದಪ್ಪ ಸಣ್ಣ ಆಗುತ್ತಿದೆ ಅಂದರೆ ಧೂಳು ಒಳಗೆ ಪ್ಯಾನಲ್ ಹತ್ತಿರ ಕೂತಿದೆ ಅಂತ ಅರ್ಥ. ಗ್ಯಾರಂಟಿ ಇರುವಾಗ ನೀವೇ ಬಿಚ್ಚಬೇಡಿ, ಬಿಲ್ ಹಿಡಿದು ಸರ್ವಿಸ್‌ಗೆ ಕೊಡಿ. ಗ್ಯಾರಂಟಿ ಮುಗಿದಿದ್ದರೆ ಊರಿನ ಮೊಬೈಲ್ ರಿಪೇರಿಯವರಲ್ಲಿ ಕೈ ಕುದುರಿದವರೊಬ್ಬರನ್ನು ಹುಡುಕಿ, ನಿಮ್ಮ ಎದುರಿಗೇ ಬಿಚ್ಚಿಸಿ ಸ್ವಚ್ಛ ಮಾಡಿಸಿ.